ಬರ್ತೇನ್ರಿ ಅಂದವರ ರಜಿಸ್ಟರ್

ಮೊನ್ನೆ ಒಬ್ಬ ಹುಡುಗಿ ಮೆಸೇಜ್ ಹಾಕಿದ್ದಳು. ಕಣ್ಣಿನ ಆಸ್ಪತ್ರೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಾಳಂತೆ, ಗ್ಲಾಕೋಮಾ ವಿಭಾಗಕ್ಕೆ ಹಾಕಿದ್ದಾರಂತೆ. "ಮೇಡಂ, ನೀವು ಅಷ್ಟು ವರ್ಷ ಮಾಡಿದ್ದೀರಿ, ಸ್ವಲ್ಪ ಟಿಪ್ಸ್ ಕೊಡಿ" ಎಂದು ಕೇಳಿದ್ದಳು. ಟಿಪ್ಸ್ ಏನು ಕೊಡಲಿ ತಾಯಿ? ಮಷಿನ್ ಹೇಗೆ ಒರೆಸಬೇಕು ಅನ್ನುವುದು ಮಷಿನ್ ಜೊತೆ ಬಂದ ಪುಸ್ತಕದಲ್ಲೇ ಇದೆ. ಅದರಲ್ಲಿ ಇಲ್ಲದ್ದು ಒಂದೇ. ರೋಗಿ ಬಾಗಿಲು ದಾಟುವಾಗ ಏನು ಹೇಳುತ್ತಾನೆ, ಅದನ್ನು ನೀನು ಏನೆಂದು ಬರೆದುಕೊಳ್ಳುತ್ತೀ ಅನ್ನುವುದು. ಅಂಥ ಒಂದು ಮಾತನ್ನು ಬರೆದುಕೊಂಡು ನಾನು ಒಬ್ಬ ಮನುಷ್ಯನಿಗೆ ಉಳಿದಿದ್ದ ಒಂದೇ ಕಣ್ಣನ್ನೂ ಕಳೆಯುವುದರಲ್ಲಿದ್ದೆ. ಅದನ್ನೇ ಹೇಳುತ್ತೇನೆ. ಉದ್ದ ಇದೆ, ಒಲೆ ಮೇಲೆ ಹಾಲಿಟ್ಟಿದ್ದರೆ ಇಳಿಸಿ ಬಂದು ಓದು.

ನಾನು ದಾಂಡೇಲಿಯವಳು. ಅಪ್ಪ ಧಾರವಾಡ ಕಡೆಯಿಂದ ಪೇಪರ್ ಮಿಲ್ಲಿನ ಕೆಲಸಕ್ಕೆ ಬಂದು ಅಲ್ಲೇ ಉಳಿದವರು. ನಾನು ಹಳಿಯಾಳದ ಒಂದು ಧರ್ಮಾರ್ಥ ಕಣ್ಣಿನ ಆಸ್ಪತ್ರೆಗೆ ನೇತ್ರ ಸಹಾಯಕಿಯಾಗಿ ಸೇರಿದೆ. ಮೊಣಕಾಲು ಕೈಕೊಟ್ಟಿದ್ದರಿಂದ ಐವತ್ತೈದಕ್ಕೇ ಸ್ವಯಂ ನಿವೃತ್ತಿ ತೆಗೆದುಕೊಂಡೆ. ನಡುವಿನ ವರ್ಷಗಳಲ್ಲಿ ರೋಗಿಗಳಿಗೆ ನಾನು ಸುಶೀಲಾ ಬಾಯಿ, ಗೌರವ ಹೆಚ್ಚಾದಾಗ ಬಾಯಾರ.

ನಾನು ಸೇರಿದಾಗ ಕಣ್ಣಿನ ಒತ್ತಡ ಅಳೆಯುವುದೇ ಒಂದು ನಾಟಕ. ರೋಗಿಯನ್ನು ಅಂಗಾತ ಮಲಗಿಸಬೇಕು, ಹನಿ ಹಾಕಿ ಕಣ್ಣು ಮರಗಟ್ಟಿಸಬೇಕು, ಆಮೇಲೆ ಕಣ್ಣುಗುಡ್ಡೆಯ ಮೇಲೆ ಪುಟ್ಟ ತೂಕವಿರುವ ಉಪಕರಣವನ್ನು ನಿಲ್ಲಿಸಬೇಕು. ಹಳ್ಳಿಯ ಕ್ಯಾಂಪಿನಲ್ಲಿ ಮಂಚ ಎಲ್ಲಿಂದ ಬರಬೇಕು? ಶಾಲೆಯ ಎರಡು ಬೆಂಚು ಜೋಡಿಸಿದರೆ ಅದೇ ಮಂಚ. ಮುಂಡಗೋಡ ತಾಲೂಕಿನ ಸನವಳ್ಳಿಯಲ್ಲಿ ಒಬ್ಬ ಅಜ್ಜಿ ಬೆಂಚಿನ ಮೇಲೆ ಮಲಗಿದವಳು ನಾನು ತೂಕ ಇಡುತ್ತಿದ್ದಂತೆ ಕೇಳಿದಳು, "ಎಷ್ಟ ತೂಗತೈತವಾ ನನ್ನ ಕಣ್ಣ?"

"ಮಾತಾಡಬ್ಯಾಡ ಆಯಿ, ಸುಮ್ಮನ ಮಕ್ಕೋ."

"ಮನ್ಯಾಗ ನನ್ನ ಮಾತಿಗಂತೂ ತೂಕ ಇಲ್ಲ. ಕಣ್ಣಿಗಾರ ಐತೇನು ನೋಡ."

ಸುತ್ತ ನಿಂತವರು ನಕ್ಕರು, ನಾನೂ ನಕ್ಕೆ, ಉಪಕರಣ ಜಾರಿ ಅಜ್ಜಿಯ ಕಿವಿಯ ಹತ್ತಿರ ಬಿತ್ತು. ನಮ್ಮ ದೊಡ್ಡ ಡಾಕ್ಟರು ದೂರದಿಂದಲೇ ಕನ್ನಡಕದ ಮೇಲಿನಿಂದ ನೋಡಿದರು. ಅವರು ಬೈಯುತ್ತಿರಲಿಲ್ಲ. ಹಾಗೆ ನೋಡುತ್ತಿದ್ದರು, ಅಷ್ಟೇ. ಬೈದರೇ ಒಳ್ಳೆಯದಿತ್ತು.

ಒತ್ತಡ ಅಂದರೆ ಜನಕ್ಕೆ ತಿಳಿಯುವುದಿಲ್ಲ ಎಂದು 'ಪ್ರೆಶರ್' ಅನ್ನತೊಡಗಿದೆ. ಅದು ಇನ್ನೊಂದು ಫಜೀತಿ. ದಾಂಡೇಲಿಯ ಒಬ್ಬರಿಗೆ "ಕಣ್ಣಿನ ಪ್ರೆಶರ್ ಹೆಚ್ಚೈತಿ, ಹನಿ ತಪ್ಪಸಬ್ಯಾಡ್ರಿ" ಎಂದು ಹೇಳಿ ಕಳಿಸಿದ್ದೆ. ಆರು ತಿಂಗಳ ಮೇಲೆ ಬಂದರು, ಪ್ರೆಶರ್ ಇನ್ನೂ ಏರಿದೆ. ಹನಿ ಹಾಕುತ್ತಿದ್ದೀರಾ ಅಂದರೆ, "ಹನಿ ಯಾಕ್ರಿ? ಉಪ್ಪ ಪೂರಾ ಬಿಟ್ಟೇನಿ" ಎಂದರು. ಅವರ ಹೆಂಡತಿ ಹಿಂದಿನಿಂದ, "ಇವರ ಕಣ್ಣಿಗೆ ಪ್ರೆಶರು, ನಮ್ಮೆಲ್ಲಾರ ನಾಲಿಗಿಗೆ ಶಿಕ್ಷಾ. ಆರ ತಿಂಗಳಾತ್ರಿ ಸಪ್ಪನ ಸಾರ ಉಣ್ಣಾಕತ್ತು" ಎಂದು ಅಳುವುದೊಂದು ಬಾಕಿ.

ಇನ್ನು ಲೇಸರ್. ಜೋಯಿಡಾ ಕಡೆಯ ಕ್ಯಾಂಪೊಂದರಲ್ಲಿ ಆರು ಜನರನ್ನು ಆರಿಸಿ, "ನಾಳೆ ಜೀಪ್ ಬರತೈತಿ, ಹಳಿಯಾಳಕ್ಕ ಕರಕೊಂಡ ಹೋಗಿ ಕಣ್ಣಿಗೆ ಲೇಸರ್ ಮಾಡ್ತೇವಿ" ಎಂದೆ. ಮರುದಿನ ಜೀಪ್ ಹೋದರೆ ಐದು ಜನ ಕಾಡು ಸೇರಿದ್ದರು. ಆರನೆಯವರು ಮಾತ್ರ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದರು. ಮುಖ ಏನೋ ವಿಚಿತ್ರವಾಗಿತ್ತು. ಹತ್ತಿರ ಹೋಗಿ ನೋಡಿದರೆ ಎರಡೂ ಹುಬ್ಬು ಇಲ್ಲ! "ಕಣ್ಣಿಗೆ ರೇಜರ್ ಅಂದ್ರಲ್ಲ ಬಾಯಿ, ನಾನ ಮನ್ಯಾಗ ಮಾಡ್ಕೊಂಡ ಬಂದೇನಿ. ಮುಂದಿಂದ ನೀವ ಮಾಡ್ರಿ" ಎಂದರು. ದೊಡ್ಡ ಡಾಕ್ಟರು ಅವತ್ತೂ ನನ್ನನ್ನು ಕನ್ನಡಕದ ಮೇಲಿನಿಂದ ನೋಡಿದರು.

ಅಂದಿನಿಂದ ಪಾಠ ಹೇಳುವ ಕೆಲಸ ನಾನೇ ಕೈಗೆ ತೆಗೆದುಕೊಂಡೆ. ಕಣ್ಣಿನೊಳಗೆ ಒಂದು ಬಚ್ಚಲು ಇದೆ ಎಂದುಕೊಳ್ಳಿರಿ. ದಿನಾ ಒಳಗೆ ನೀರು ಹುಟ್ಟುತ್ತದೆ, ದಿನಾ ಮೋರಿಯಿಂದ ಹರಿದು ಹೋಗುತ್ತದೆ. ಮೋರಿಯ ಬಾಯಿಗೆ ಒಂದು ಸಾಣಿಗೆ ಇದೆ. ಸಾಣಿಗೆ ಕಟ್ಟಿಕೊಂಡರೆ ನೀರು ನಿಂತು ಕಣ್ಣೊಳಗೆ ಒತ್ತುತ್ತದೆ, ಹಿಂದಿನ ನರ ಸಾಯುತ್ತದೆ, ಅದೇ ಗ್ಲಾಕೋಮಾ. ನೋವಿಲ್ಲ, ಕೆಂಪಿಲ್ಲ, ಬದಿಯ ನೋಟ ಮೊದಲು ಹೋಗುತ್ತದೆ, ಹೋದದ್ದು ಬರುವುದಿಲ್ಲ. "ಕಣ್ಣನ್ನ ಬಚ್ಚಲಕ್ಕ ಹೋಲಸಬ್ಯಾಡ್ರಿ ಸುಶೀಲಾ, ಅಸಹ್ಯ ಕಾಣ್ತೈತಿ" ಎಂದು ದೊಡ್ಡ ಡಾಕ್ಟರು ಹೇಳಿದರು. ತಿಂಗಳು ಕಳೆಯುವುದರೊಳಗೆ ಒಬ್ಬ ರಿಟೈರ್ಡ್ ಹೆಡ್‌ಮಾಸ್ತರರಿಗೆ ಅವರೇ, "ಹಿಂಗ ನೋಡ್ರಿ ಸರ್, ಒಂದ ಬಚ್ಚಲ ಐತಿ ಅಂತ ತಿಳಕೋರಿ" ಅನ್ನುವುದನ್ನು ಪರದೆಯ ಈಚೆ ನಿಂತು ಕೇಳಿಸಿಕೊಂಡೆ. ನನ್ನ ಇಡೀ ಸರ್ವಿಸಿನಲ್ಲಿ ಸಿಕ್ಕ ದೊಡ್ಡ ಪ್ರಶಸ್ತಿ ಅದು.

ಆ ಬಚ್ಚಲಿನ ಸೊಕ್ಕಿನಲ್ಲಿ ನಾನಿದ್ದಾಗ ಇನಾಸಣ್ಣ ಬಂದರು.

ಇನಾಸ ಸಿದ್ದಿ, ತೇರಗಾಂವ ಕಡೆಯವರು. ಅವರಿವರ ಕಬ್ಬಿಗೆ ನೀರು ಕಟ್ಟುವುದು ಅವರ ಕೆಲಸ. ಒಂದು ಸಾಲಿನ ನೀರು ಇನ್ನೊಂದು ಸಾಲಿಗೆ ತಿರುಗಿಸುವುದು, ಕಾಲುವೆ ಒಡೆದರೆ ಕಟ್ಟುವುದು, ಕಟ್ಟಿಕೊಂಡರೆ ಒಡೆಯುವುದು. ಅವರು ಬರುವಷ್ಟರಲ್ಲಿ ಎಡಗಣ್ಣು ಪೂರ್ತಿ ಹೋಗಿತ್ತು. "ಎಡಕಿಂದು ರಿಟೈರ್ ಆಗೇತ್ರಿ ಬಾಯಾರ. ಬಲಕಿಂದ ಡಬಲ್ ಡ್ಯೂಟಿ ಮಾಡಾಕತ್ತೈತಿ" ಎಂದು ಅವರೇ ಪರಿಚಯ ಮಾಡಿಕೊಟ್ಟರು.

ಆ ಡಬಲ್ ಡ್ಯೂಟಿ ಕಣ್ಣಿಗೆ ಲೇಸರ್ ಎಂದಾಯಿತು. ಗದ್ದ ಇಡುವ ಕಡೆ ಗದ್ದ ಇಡಿಸಿ, ಹಣೆಗೆ ಪಟ್ಟಿ ಕಟ್ಟಿ, ಕಣ್ಣಿಗೆ ಜೆಲ್ ಹಚ್ಚಿದ ಲೆನ್ಸ್ ಒತ್ತಿ ಹಿಡಿದರು. "ಅಲಗ್ಯಾಡಬ್ಯಾಡ್ರಿ" ಎಂದರು ದೊಡ್ಡ ಡಾಕ್ಟರು.

"ಮಾತಾಡಬೌದೇನ್ರಿ?"

"ಮಾತೂ ಬ್ಯಾಡ."

ಕಾಲು ಗಂಟೆ ಇನಾಸಣ್ಣ ಮಾತಾಡಲಿಲ್ಲ. ಲೇಸರಿಗಿಂತ ಅದೇ ಅವರಿಗೆ ಹೆಚ್ಚು ತ್ರಾಸಾಗಿತ್ತು. ಹೊರಗೆ ಬಂದ ಕೂಡಲೇ ನನ್ನ ಮುಂದೆ ಕೂತು ಕೇಳಿದರು, "ಒಳಗ ಏನ ಮಾಡಿದ್ರಿ? ಖರೇ ಹೇಳ್ರಿ."

"ಮೋರಿ ಬಾಯಾಗಿನ ಸಾಣಿಗಿಗೆ ಅಲ್ಲಲ್ಲಿ ಸಣ್ಣಗ ಸುಟ್ಟಾರ್ರಿ. ಸುಟ್ಟಲ್ಲೆ ಎಳಕೋತೈತಿ, ನಡುವಿನ ತೂತ ಅಗಲಾಗಿ ನೀರ ಹರೀತೈತಿ."

"ನಾವು ಕಾಲವಿ ದಂಡಿಮ್ಯಾಲೆ ಕಸಾ ಸುಡ್ತೇವಲ್ರಿ, ಆ ಜಾಗಾ ಮುಂದ ಇಟ್ಟಂಗಿ ಆದಂಗ ಗಟ್ಟಿ ಆಗತೈತಿ. ನೀರ ಹೀರಂಗಿಲ್ಲ. ಕಣ್ಣಾಗ ಹಂಗ ಆಗಂಗಿಲ್ಲೇನ್ರಿ?"

ಒಳ್ಳೆಯ ಪ್ರಶ್ನೆ. ಅಷ್ಟು ಒಳ್ಳೆಯ ಪ್ರಶ್ನೆಯನ್ನು ನನಗೆ ಮುಂದೆ ಯಾರೂ ಕೇಳಲಿಲ್ಲ. ಆದರೆ ಹೊರಗೆ ನಲವತ್ತು ಜನ ಕೂತಿದ್ದರು, ನನ್ನ ಚಹಾ ಆರಿ ಕೆನೆಗಟ್ಟಿತ್ತು. ಮೂರು ತಿಂಗಳಿಗೊಮ್ಮೆ ಬರಲು ಹೇಳಿ, ಹನಿ ನಿಲ್ಲಿಸಬೇಡಿ ಎಂದು ಹೇಳಿ ಎಂದು ಡಾಕ್ಟರು ಚೀಟಿಯಲ್ಲಿ ಬರೆದಿದ್ದರು. ನಾನು ಹೇಳಿದ್ದು ಇಷ್ಟು: "ಏನೂ ಆಗಂಗಿಲ್ಲ ಇನಾಸಣ್ಣಾ. ಮುಗೀತು. ಹೋಗಿ ಬರ್ರಿ."

"ಹಂಗಾರ ಬರ್ತೇನ್ರಿ ಬಾಯಾರ."

ನನ್ನ ರಜಿಸ್ಟರಿನಲ್ಲಿ 'ಮುಂದಿನ ಭೇಟಿ' ಎಂದು ಒಂದು ಕಾಲಂ ಇತ್ತು. ಅದರಲ್ಲಿ ಬರೆದೆ: ಬರ್ತೇನಿ ಅಂದಾರ.

ನಗಬೇಡ ತಾಯಿ. ಆ ಕಾಲಂ ತುಂಬ ಅದೇ ಇತ್ತು. ಸುಳ್ಳು ಬರೆದವಳಲ್ಲ ನಾನು, ಎಲ್ಲರೂ ಹೋಗುವಾಗ ಹಾಗೇ ಅಂದಿದ್ದರು! ಜೋಯಿಡಾದವರು ಕೊಂಕಣಿಯಲ್ಲಿ 'ಯೆತಾಂ' ಅಂದಿದ್ದರು, ಮರಾಠಿಯವರು 'ಯೇತೋ' ಅಂದಿದ್ದರು, ಎಲ್ಲದಕ್ಕೂ ಅರ್ಥ 'ಬರ್ತೇನಿ' ಎಂದೇ. ಮೂರು ಭಾಷೆಯವರು ಕೂಡಿ ನನ್ನ ಕಾಲಂ ತುಂಬಿಸಿದ್ದರು. ಉರ್ದು ಮಾತಾಡುವವರು ಮಾತ್ರ 'ಖುದಾ ಹಾಫಿಜ್' ಎಂದು ನಮ್ಮನ್ನು ದೇವರಿಗೆ ಒಪ್ಪಿಸಿ ಹೋಗುತ್ತಿದ್ದರು, ಅವರ ಎದುರಿನ ಜಾಗ ಖಾಲಿ. ಮೇಲಿನಿಂದ ಯಾರಾದರೂ ತಪಾಸಣೆಗೆ ಬಂದರೆ ಕಾಲಂ ತುಂಬಿರುವುದನ್ನು ನೋಡಿ ಖುಷಿಯಾಗಿ ಸಹಿ ಹಾಕುತ್ತಿದ್ದರು.

ವರ್ಷಗಳು ಹೋದವು. ಬೆಂಚಿನ ಮೇಲೆ ಮಲಗಿಸುವ ಕಾಲ ಮುಗಿದು, ಕಣ್ಣಿಗೆ ಗಾಳಿ ಊದಿ ಒತ್ತಡ ಹೇಳುವ ಮಷಿನ್ ಬಂತು. ಅತ್ತಿವೇರಿಯ ಕ್ಯಾಂಪಿಗೆ ಅದನ್ನು ಹೊತ್ತುಕೊಂಡು ಹೋದಾಗ ಒಬ್ಬ ಹಿರಿಯರು ಮೊದಲ ಊದಿಗೇ ಎದ್ದು ನಿಂತು, "ಊದಬ್ಯಾಡ್ರಿ, ಎಂಜಲಾಗತೈತಿ" ಎಂದರು. ಮಷಿನ್ನಿಗೆ ಬಾಯಿ ಇಲ್ಲ ಯಜಮಾನರೇ ಎಂದರೆ, "ಬಾಯಿ ಇಲ್ಲದ ಹೆಂಗ ಊದಿತು?" ಎಂದು ಕೇಳಿದರು.

ದೊಡ್ಡ ಡಾಕ್ಟರು ನಿವೃತ್ತರಾದರು. ಅವರ ಕುರ್ಚಿಗೆ ಹುಬ್ಬಳ್ಳಿಯಿಂದ ಒಬ್ಬ ಡಾಕ್ಟರ್ ಬಾಯಿ ಬಂದರು. ನನ್ನ ಅರ್ಧ ವಯಸ್ಸು, ಎರಡು ಪಟ್ಟು ಧ್ವನಿ. ಜೊತೆಗೆ ಹೊಸ ಲೇಸರ್ ಬಂತು. ಇದು ಹಳೆಯದರಂತೆ ಸುಡುವುದಿಲ್ಲ. ಸಾಣಿಗೆಯನ್ನು ಮೆಲ್ಲಗೆ ತಟ್ಟಿ ಎಬ್ಬಿಸಿ, ಅದೇ ತನ್ನನ್ನು ತಾನು ಸ್ವಚ್ಛ ಮಾಡಿಕೊಳ್ಳುವಂತೆ ಮಾಡುತ್ತದೆ. ಇದರ ಗುಣವೂ ಕೆಲವು ವರ್ಷಕ್ಕೆ ಇಳಿಯುತ್ತದೆ, ಆದರೆ ಮತ್ತೆ ಮಾಡಬಹುದು. ಡಾಕ್ಟರ್ ಬಾಯಿ ಇದನ್ನೆಲ್ಲ ನನಗೆ ಹೇಳಿ, "ಹಳೇ ಲೇಸರ್ ಮಾಡಿಸ್ಕೊಂಡವ್ರ ಕಣ್ಣ ಈಗ ಹೆಂಗದಾವ ನೋಡಬೇಕು. ರಜಿಸ್ಟರ್ ತರ್ರಿ" ಎಂದರು.

ತಂದೆ. ಪುಟ ತಿರುವುತ್ತಾ ಹೋದರು. ತಿರುವುತ್ತಾ ಹೋದಂತೆ ಧ್ವನಿ ಸಣ್ಣದಾಯಿತು, ಅದು ಕೆಟ್ಟ ಲಕ್ಷಣ.

"ಎಲ್ಲಾರೂ ಬರ್ತೇನಿ ಅಂದಾರಲ್ರೀ."

"ಹೌದ್ರಿ."

"ಬಂದವ್ರ ಎಷ್ಟ ಮಂದಿ?"

"ಅದು... ಮ್ಯಾಡಂ, ನಮ್ಮ ಕಡೆ ಹೋಗೂವಾಗ ಎಲ್ಲಾರೂ ಬರ್ತೇನಿ ಅಂತಾರ್ರಿ..."

"ನಾ ಏನ ಲಂಡನ್ನಿಂದ ಬಂದೇನಿ? ನಮ್ಮವ್ವನೂ ದಿನಾ ಬರ್ತೇನಿ ಅಂದ ಹೊರಗ ಬೀಳ್ತಾಳ. ಅದನ್ನ ಯಾರಾರ ರಜಿಸ್ಟರದಾಗ ಬರಕೋತಾರೇನ್ರಿ?"

ಒಂದು ವಾರ ಫೋನ್ ಹಿಡಿದು ಕೂತೆ. ಕೆಲವು ನಂಬರು ಈಗ ಬೇರೆಯವರದಾಗಿದ್ದವು. ಕೆಲವರು ಬೇರೆ ಕಡೆ ತೋರಿಸಿಕೊಳ್ಳುತ್ತಿದ್ದರು, ಕೆಲವರು ತೀರಿಕೊಂಡಿದ್ದರು. ಇನಾಸ ಸಿದ್ದಿ ಎಂಬ ಹೆಸರಿನ ಮುಂದೆ ನಂಬರೇ ಇರಲಿಲ್ಲ. ಆ ಹೆಸರು ಓದಿದ್ದೇ ತಡ, ಸುಟ್ಟ ಜಾಗ ಇಟ್ಟಿಗೆಯಂತೆ ಗಟ್ಟಿಯಾಗುವ ಆ ಇಟ್ಟಂಗಿಯ ಮಾತು ಕಿವಿಯಲ್ಲಿ ಬಂದು ಕೂತಿತು. ಎರಡು ಕಣ್ಣಿದ್ದವರು ಒಂದನ್ನಾದರೂ ಇಟ್ಟುಕೊಂಡು ನನ್ನನ್ನು ಬೈಯಬಹುದು. ಈ ಮನುಷ್ಯನ ಹತ್ತಿರ ಇದ್ದದ್ದೇ ಒಂದು. ಮರುದಿನ ಆಸ್ಪತ್ರೆಯ ಜೀಪ್ ತೆಗೆಸಿಕೊಂಡು ಹೋದೆ.

ಮನೆ ಮುಂದೆ ಇನಾಸಣ್ಣನ ಹೆಂಡತಿ ರೋಜಾಬಾಯಿ ಭತ್ತ ಹರವುತ್ತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ, "ಚಲೋ ಟೈಮಿಗೆ ಬಂದ್ರಿ ಬಾಯಾರ. ಇವರು ಎಮ್ಮಿ ಜೋಡಿ ಜಗಳಾ ತಗದಾರ" ಎಂದರು.

ಒಳಗಿನಿಂದ ಇನಾಸಣ್ಣ ಬಂದರು. ಕೂದಲು ಬೆಳ್ಳಗಾಗಿತ್ತು, ಹಣೆಯ ಬದಿಯಲ್ಲಿ ಹಸಿ ಗಾಯ ಇತ್ತು. ನನ್ನನ್ನು ನೇರವಾಗಿ ನೋಡಿ ಗುರುತು ಹಿಡಿದರು. "ಈಗಿನ ಎಮ್ಮಿಗೋಳಿಗೆ ಮರ್ಯಾದಿ ಇಲ್ರಿ ಬಾಯಾರ. ಮೊದಲ ಮುಂದಿಂದ ಬರತಿದ್ದೂ, ಈಗ ಬಾಜೂಲಿಂದ ಬಂದ ಹಾಯ್ತಾವ."

"ಬಾಗಲ ಚೌಕಟ್ಟಿಗೂ ಮರ್ಯಾದಿ ಇಲ್ಲೇನು?" ರೋಜಾಬಾಯಿ ಕೇಳಿದರು. "ನಿನ್ನೆ ಅದೂ ಬಾಜೂಲಿಂದ ಬಂತು."

ನನಗೆ ನಗು ಬರಲಿಲ್ಲ. "ಇನಾಸಣ್ಣಾ, ನನ್ನ ಮೂಗಷ್ಟ ನೋಡ್ರಿ" ಎಂದು ಎಡಗೈಯನ್ನು ಅವರ ಒಳ್ಳೆಯ ಕಣ್ಣಿನ ಬದಿಗೆ ಚಾಚಿ ಬೆರಳಾಡಿಸಿದೆ. "ಕೈ ಕಾಣ್ತೈತೇನು?"

"ಯಾವ ಕೈ?"

ಕೈಯನ್ನು ಇನ್ನೂ ಒಳಗೆ ತಂದೆ. ನನ್ನ ಭುಜದ ತನಕ ತಂದೆ. ಆಗ, "ಹಾಂ, ಈಗ ಬಂತು ನೋಡ್ರಿ" ಎಂದರು. ಅವರು ಕೊಳವೆಯೊಳಗಿಂದ ಲೋಕ ನೋಡುತ್ತಿದ್ದರು, ಎಮ್ಮೆಗೆ ಬೈಯುತ್ತಿದ್ದರು.

"ಯಾಕ್ ಬರ್ಲಿಲ್ರಿ ಇಷ್ಟ ವರ್ಷ?"

"ನೀವ ಅಂದ್ರೆಲ್ಲಾ ಮುಗೀತು ಅಂತ. ಹನೀನೂ ಬಿಟ್ಟೆ. ಮುಗದದ್ದಕ್ಕ ಯಾರ ಹನಿ ಹಾಕ್ತಾರ?"

"ನೀವು ಬರ್ತೇನಿ ಅಂದಿದ್ರಿ!"

ಇನಾಸಣ್ಣ ನನ್ನನ್ನು ಸಣ್ಣ ಮಗುವನ್ನು ನೋಡಿದಂತೆ ನೋಡಿದರು. "ಬಾಯಾರ, ಹೋಗೂವಾಗ ಮತ್ತೇನ ಅನಬೇಕ್ರಿ? ಹೋಗ್ತೇನಿ ಅನ್ನಾಕ ನಾ ಏನ ಹೆಣಾ?"

ಜೀಪ್ ಹತ್ತಿರಿ ಎಂದರೆ, ನಾಳೆ ನೀರಿನ ಪಾಳಿ ಇದೆ, ಮುಗಿಸಿ ಬರ್ತೇನಿ ಎಂದರು. ಆ 'ಬರ್ತೇನಿ' ಕೇಳಿ ನನಗೆ ಮೈ ಉರಿದುಹೋಯಿತು. "ತಪ್ಪ ನಂದೈತಿ ಇನಾಸಣ್ಣಾ. ನೀವು ಕೇಳಿದ್ದು ಬರೋಬ್ಬರಿ ಇತ್ತು, ನಾ ಚಹಾದ ಆಸೆಕ್ಕ ಸುಳ್ಳ ಹೇಳಿದೆ. ಇರೂದ ಒಂದ ಕಣ್ಣ. ಈಗ ಏಳ್ರಿ" ಎಂದೆ. ರೋಜಾಬಾಯಿ ಒಳಗೆ ಹೋಗಿ ಅವರ ಚಪ್ಪಲಿ ತಂದು ಮುಂದಿಟ್ಟರು.

ಡಾಕ್ಟರ್ ಬಾಯಿ ಬಹಳ ಹೊತ್ತು ನೋಡಿದರು. ಒತ್ತಡ ಏರಿತ್ತು. "ಆವಾಗ ಸುಟ್ಟಲ್ಲೆ ಈಗ ಕಲೆ ಕಟ್ಟೇತ್ರಿ" ಎಂದು ಹೇಳತೊಡಗಿದರು. "ಆ ಲೇಸರಿನ ಗುಣಾ ಕೆಲವ್ರಿಗೆ ಬಾಳ ದಿನಾ ಇರ್ತೈತಿ, ಕೆಲವ್ರಿಗೆ ಲಗೂ ಇಳೀತೈತಿ. ಇಳದ ಮ್ಯಾಲೆ ಆ ಜಾಗಾ ಗಟ್ಟಿಯಾಗಿ..."

"ಇಟ್ಟಂಗಿ ಆತು" ಎಂದರು ಇನಾಸಣ್ಣ.

ಡಾಕ್ಟರ್ ಬಾಯಿ ತಲೆಯೆತ್ತಿದರು. "ಬರೋಬ್ಬರಿ. ಯಾರ ಹೇಳಿದ್ರು ನಿಮಗ?"

"ಯಾರೂ ಹೇಳಲಿಲ್ರಿ. ನಾನ ಕೇಳಿದ್ದೆ." ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಪುಣ್ಯಾತ್ಮ.

ಈ ಕಣ್ಣಿಗೆ ಹೊಸ ಲೇಸರನ್ನು ನಂಬಿ ಕೂರುವಷ್ಟು ಸಮಯವಿಲ್ಲ, ಆಪರೇಷನ್ ಮಾಡಿ ನೀರಿಗೆ ಬೇರೆ ದಾರಿ ಕೊಡಬೇಕು ಎಂದಾಯಿತು. "ಹಳೇ ಕಾಲವಿ ಬಿಟ್ಟ ಹೊಸಾದ ತೋಡೂದು" ಎಂದು ನಾನು ಹೇಳಿದೆ. ಇನಾಸಣ್ಣ ಕೇಳಿದರು, "ಕಾಲವಿ ತೋಡೂವಾಗ ಒಮ್ಮೊಮ್ಮೆ ದಂಡಿ ಕುಸೀತೈತ್ರಿ. ಇದೂ ಕುಸದ್ರ?"

ಈ ಸಲ ಹೊರಗೆ ಐವತ್ತು ಜನರಿದ್ದರು. ನಾನು ಕುರ್ಚಿ ಎಳೆದು ಕೂತೆ. ಕುಸಿಯಬಹುದು ಎಂದೆ. ಕಣ್ಣಿಗೆ ಸೋಂಕಾಗಬಹುದು, ದಾರಿ ಮತ್ತೆ ಮುಚ್ಚಬಹುದು, ಮಾಡದಿದ್ದರೆ ಮಾತ್ರ ಇದ್ದದ್ದೂ ಹೋಗುವುದು ಹೆಚ್ಚುಕಡಿಮೆ ಖಂಡಿತ ಎಂದೆ. ಹೋದ ಬದಿಯ ನೋಟ ಹೇಗೂ ಬರುವುದಿಲ್ಲ ಎಂದೂ ಹೇಳಿದೆ. ಎಲ್ಲ ಹೇಳಲು ಅರ್ಧ ತಾಸು ಹಿಡಿಯಿತು. ಕೊನೆಗೆ ಇನಾಸಣ್ಣ, "ಈಗ ಖರೇ ಹೇಳಾಕ ಕಲತೀರಿ. ಮಾಡ್ರಿ ಹಂಗಾರ" ಎಂದರು.

ಆಪರೇಷನ್ ಆಯಿತು. ಮೊದಲೆರಡು ವಾರ ಎಲ್ಲಾ ಮಬ್ಬು. ಇನಾಸಣ್ಣ ಜೋಕು ಮಾಡಲಿಲ್ಲ, ಅದೇ ನನಗೆ ಹೆದರಿಕೆ. ಮೂರನೇ ವಾರ ತಪಾಸಣೆಗೆ ಬಂದವರು ಬಾಗಿಲಲ್ಲೇ ನಿಂತು ನನ್ನ ಮುಖವನ್ನು ಹತ್ತಿರದಿಂದ, ದೂರದಿಂದ, ತಲೆ ಓರೆ ಮಾಡಿ ನೋಡಿದರು.

"ಏನ್ರಿ ಇನಾಸಣ್ಣಾ, ಕಾಣ್ತೈತೇನು?"

"ಕಾಣ್ತೈತ್ರಿ. ಬಾಳ ಮುದಕಿ ಆಗೀರಿ ಬಾಯಾರ."

ನನ್ನ ಜೀವನದಲ್ಲಿ ಅಷ್ಟು ಸಂತೋಷದಿಂದ ಯಾರ ಬಾಯಿಂದಲೂ ಮುದುಕಿ ಅನ್ನಿಸಿಕೊಂಡಿಲ್ಲ. ಒತ್ತಡ ಇಳಿದಿತ್ತು. ಹೋದದ್ದು ಬರಲಿಲ್ಲ, ಉಳಿದದ್ದು ಉಳಿಯಿತು. ಎಮ್ಮೆ ಈಗಲೂ ಬದಿಯಿಂದಲೇ ಬರುತ್ತದಂತೆ, ಇವರೇ ಕತ್ತು ತಿರುಗಿಸಿ ದಾರಿ ಬಿಡುತ್ತಾರಂತೆ.

ಆಮೇಲೆ ನಮ್ಮ ಲೇಸರ್ ಕೋಣೆಯಲ್ಲಿ ಎರಡು ಬದಲಾವಣೆ ಆದವು. 'ಮುಗೀತು' ಅನ್ನುವ ಶಬ್ದ ಬಂದ್. ಗ್ಲಾಕೋಮಾದಲ್ಲಿ ಏನೂ ಮುಗಿಯುವುದಿಲ್ಲ, ನಾವು ಮುಗಿಯುತ್ತೇವೆ ಅಷ್ಟೇ. ಎರಡನೆಯದು, ರಜಿಸ್ಟರಿನಲ್ಲಿ ಒಂದು ಕಾಲಂ ಹೋಗಿ ಮೂರು ಬಂದವು. ಯಾರಾದರೂ ಎದ್ದು "ಬರ್ತೇನ್ರಿ" ಅಂದರೆ ಸಾಕು, ನಾನು ಕೇಳುತ್ತಿದ್ದೆ: "ಯಾವ ವಾರ? ಯಾವ ಬಸ್ಸಿಗೆ? ಯಾರ ಜೋಡಿ?" ಪೊಲೀಸ್ ಸ್ಟೇಷನ್ನಿಗಿಂತ ಕಡೆ ಎಂದು ಜನ ಬೈದುಕೊಳ್ಳುತ್ತಿದ್ದರು. ಬೈದುಕೊಳ್ಳುತ್ತಲೇ ಬರುತ್ತಿದ್ದರು.

ನನ್ನ ಕೊನೆಯ ದಿನ ಓಪಿಡಿಯಲ್ಲೇ ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು. ಅವತ್ತು ಇನಾಸಣ್ಣನ ತಪಾಸಣೆಯ ವಾರವೂ ಹೌದು, ಹತ್ತರ ಬಸ್ಸಿಗೆ ರೋಜಾಬಾಯಿ ಜೋಡಿ ಬಂದಿದ್ದರು, ರಜಿಸ್ಟರಿನಲ್ಲಿ ಇದ್ದಂತೆಯೇ. ಭಾಷಣ ಮಾಡಲು ನನಗೆ ಬರಲಿಲ್ಲ. ಶಾಲು ಸರಿಮಾಡಿಕೊಂಡು, ಎಲ್ಲರಿಗೂ ಕೈ ಮುಗಿದು ಅಂದುಬಿಟ್ಟೆ: "ಬರ್ತೇನ್ರಿ."

ಬೆಂಚಿನ ಮೇಲಿಂದ ಧ್ವನಿ ಬಂತು. "ಯಾವ ವಾರ?"

ಎಲ್ಲರೂ ತಿರುಗಿದರು. ಇನಾಸಣ್ಣ ನೆಟ್ಟಗೆ ನನ್ನನ್ನೇ ನೋಡುತ್ತಿದ್ದರು. "ಯಾವ ಬಸ್ಸಿಗೆ? ಯಾರ ಜೋಡಿ? ಮಂದಿ ಕಣ್ಣ ನೋಡಿ ನೋಡಿ ನಿಮ್ಮ ಕಣ್ಣಿನ ಪ್ರೆಶರ್ ಯಾವಾಗ ನೋಡಿಸ್ಕೊಂಡಿದ್ರಿ ಬಾಯಾರ?"

ಡಾಕ್ಟರ್ ಬಾಯಿ ನನ್ನನ್ನು ನೋಡಿದರು. ಕನ್ನಡಕದ ಮೇಲಿನಿಂದ, ಥೇಟ್ ಹಳೆಯ ಡಾಕ್ಟರಂತೆ. ಅಷ್ಟು ವರ್ಷದಲ್ಲಿ ನಾನು ಒತ್ತಡ ಅಳೆಯುವ ಮಷಿನ್ನಿನ ಆಚೆ, ರೋಗಿಯ ಬದಿಗೆ ಒಂದು ಸಲವೂ ಗದ್ದ ಇಟ್ಟವಳಲ್ಲ.

"ಸೋಮವಾರ" ಎಂದೆ. "ದಾಂಡೇಲಿಯಿಂದ ಒಂಬತ್ತರ ಬಸ್ಸಿಗೆ. ತಂಗಿ ಜೋಡಿ."

"ಬರಕೋರಿ ಡಾಕ್ಟರ್ ಬಾಯಿ" ಎಂದರು ಇನಾಸಣ್ಣ. "ಬರ್ತೇನಿ ಅಂದಾರ ಅಂತ ಅಷ್ಟ ಬರೀಬ್ಯಾಡ್ರಿ ಮತ್ತ."